ಶ್ವಾಸಪರೀಕ್ಷೆಯಲ್ಲಿ ‘ಸಹಜ’ವೆಂಬ ಪದದ ವಿಚಾರ

ಉಸಿರಿನ ಪರೀಕ್ಷೆಯ ಫಲವನ್ನು ಕನ್ನಡದಲ್ಲಿ ಬರೆಯುವವರು ‘ಸಹಜಪ್ರಮಾಣ’ವೆಂಬ ಮಾತನ್ನು ನಿಶ್ಶಂಕೆಯಿಂದ ಪ್ರಯೋಗಿಸುತ್ತಿರುವರು. ಎಣಿಕೆಗಾಗಿ ಗೊತ್ತುಮಾಡಿಕೊಂಡ ಮಾನವೊಂದು, ಬಹುಜನರಲ್ಲಿ ಕಾಣುವ ಸ್ಥಿತಿಯೊಂದು, ಆರೋಗ್ಯವಂತರ ಸ್ಥಿತಿಯೊಂದು. ಈ ಭಿನ್ನಾರ್ಥಗಳೆಲ್ಲವೂ ಆ ಪದದಲ್ಲಿ ಬೆರೆತುಹೋಗಿವೆ.

ಈ ಬೆರಕೆಯು ಹೊಸದಲ್ಲ. ಮನುಷ್ಯನು ಅಹೋರಾತ್ರದಲ್ಲಿ 21,600 ಸಲ ಉಸಿರಾಡುವನೆಂದು ಯೋಗಗ್ರಂಥಗಳಲ್ಲಿದೆ. ಪ್ರಾಚೀನರು ಇದನ್ನು ಎಣಿಸಿ ಕಂಡರೆಂದು ಉಪನ್ಯಾಸಕರು ಕೊಂಡಾಡುವರು. ಸೂರ್ಯಸಿದ್ಧಾಂತವನ್ನು ತೆರೆದು ನೋಡಿದರೆ ಸಂಗತಿಯು ಬೇರೆಯಾಗಿ ತೋರುವುದು. 6 ಪ್ರಾಣಗಳಿಗೆ 1 ವಿನಾಡಿ, 60 ವಿನಾಡಿಗಳಿಗೆ 1 ನಾಡಿ, 60 ನಾಡಿಗಳಿಗೆ 1 ದಿನ, ಗುಣಿಸಿದರೆ 21,600. ವೃತ್ತದ 360 ಭಾಗೆಗಳಲ್ಲಿರುವ ಕಲೆಗಳೂ ಅಷ್ಟೇ. ಆರ್ಯಭಟನಲ್ಲಿ ಪ್ರಾಣವೆಂದರೆ 10 ಗುರ್ವಕ್ಷರಗಳ ಉಚ್ಚಾರಣಕಾಲ, ಸುಮಾರು 4 ಸೆಕೆಂಡು. ನಕ್ಷತ್ರಚಕ್ರವು ಒಂದು ಕಲೆಯಷ್ಟು ತಿರುಗುವ ಕಾಲಕ್ಕೆ ಉಸಿರಿನ ಹೆಸರನ್ನಿಟ್ಟರಲ್ಲದೆ, ಜನರ ಉಸಿರನ್ನೆಣಿಸಿ ಸರಾಸರಿ ತೆಗೆದಂತೆ ಕಾಣುವುದಿಲ್ಲ. ನಿಮಿಷಕ್ಕೆ 15 ಎಂಬುದು ವಯಸ್ಕರ ವಿಶ್ರಾಂತಶ್ವಾಸದ 12ರಿಂದ 20ರ ಮಿತಿಯೊಳಗೇ ಬೀಳುವುದು ನಿಜ. ಹಾಗೆ ಹೊಂದಿಕೊಂಡುದರಿಂದಲೇ ಭ್ರಮೆಯು ಬಲವಾಯಿತು.

ಇದಕ್ಕಿಂತ ಚರಕಸಂಹಿತೆಯ ವಿಮಾನಸ್ಥಾನದ ದೃಷ್ಟಿಯು ಪರೀಕ್ಷೆಗೆ ಹತ್ತಿರವಾದುದು. ದೇಹವನ್ನು ಅವರವರ ಬೆರಳಿನಿಂದಲೇ ಅಳೆಯಬೇಕೆಂದು ಅಲ್ಲಿ ವಿಧಿಸಿದೆ. ಜಾನ್ ಹಚಿನ್ಸನ್ನನು 1846ರಲ್ಲಿ 2,000ಕ್ಕೂ ಮೇಲ್ಪಟ್ಟ ಜನರ ಉಸಿರನ್ನಳೆದು, ಶ್ವಾಸಸಾಮರ್ಥ್ಯವು ದೇಹದ ಎತ್ತರವನ್ನನುಸರಿಸುವುದೆಂದು ತೋರಿಸಿದುದೂ ಅದೇ ಜಾಡಿನದು. ಆದರೆ ಪುಪ್ಪುಸಕ್ಕೆ ಸ್ವಾಂಗುಲವಿಲ್ಲ. ವಯಸ್ಸು, ಲಿಂಗ, ಎತ್ತರಗಳು ಸಮನಾದ ಇತರರೊಡನೆ ಹೋಲಿಸಿಯೇ ನಿರ್ಣಯಿಸಬೇಕು. ಆ ಇತರರು ಯಾರು?

ಭಾರತದಲ್ಲಿ ಜೈನ್ ಮತ್ತು ರಾಮಯ್ಯ ಎಂಬವರು 1969ರಲ್ಲಿ 15ರಿಂದ 40 ವಯಸ್ಸಿನ ಸ್ವಸ್ಥಪುರುಷರಿಗೆ ಸಮೀಕರಣಗಳನ್ನು ಪ್ರಕಟಿಸಿದರು. 2012ರ ಜಾಗತಿಕ ಸಮೀಕರಣಗಳು ಧೂಮಪಾನಮಾಡದ 74,187 ಸ್ವಸ್ಥರ ಅಳತೆಗಳಿಂದ ಹುಟ್ಟಿದವು. ಅವುಗಳಲ್ಲಿ ಭಾರತೀಯರಿಗೆ ಪ್ರತ್ಯೇಕ ವರ್ಗವಿಲ್ಲ. 2022ರಲ್ಲಿ ಜನಾಂಗಭೇದವನ್ನೇ ಬಿಟ್ಟ ಸಮೀಕರಣಗಳು ಬಂದವು. ಇವೆರಡಕ್ಕೂ ಹಿಂದಿನದು, ಯುರೋಪಿಯರ ಅಂಕೆಯಿಂದ ನೂರಕ್ಕೆ 10 ಕಳೆದು ಭಾರತೀಯರಿಗೆ ಹೊಂದಿಸುವ ವಾಡಿಕೆ.

ಈ ಕಳೆಯುವಿಕೆಯು ಅಲ್ಪವೆಂದು ತೋರಬಹುದು. ರಬಕವಿ-ಬನಹಟ್ಟಿಯ ನೇಕಾರನೊಬ್ಬನಿಗೆ ಪಟ್ಟಿಯು 4 ಲೀಟರು ವಿಧಿಸಿತೆಂದೂ ಅವನು ಊದಿದುದು 3 ಲೀಟರೆಂದೂ ಊಹಿಸೋಣ. ನೂರಕ್ಕೆ 80ಕ್ಕಿಂತ ಇಳಿದರೆ ನ್ಯೂನವೆಂಬ ಹಳೆಯ ನಿಯಮದಂತೆ ಎಲ್ಲೆಯು 3.2, ಅವನು ರೋಗಿ. ಮೊದಲೇ 10 ಕಳೆದರೆ ವಿಧಿತವು 3.6, ಎಲ್ಲೆಯು 2.88, ಅವನು ನಿರೋಗಿ! ಅವನ ಎದೆಯಲ್ಲಿ ಏನೂ ಬದಲಾಗಿಲ್ಲ.

ಸ್ಥಳೀಯರನ್ನೇ ಅಳೆದರೆ ಸಾಲದೆ ಎಂದು ಕೇಳುವವರುಂಟು. ಸಾಲದು. ಹತ್ತಿಯ ಧೂಳಿನಿಂದ ಹುಟ್ಟುವ ಶ್ವಾಸರೋಗವು ಹಿಂಜುವ, ನೂಲುವ ಕೆಲಸಗಳಲ್ಲಿ ಹೆಚ್ಚು, ನೇಯ್ಗೆಯಲ್ಲಿ ಕಡಿಮೆ. ವಾರದ ಬಿಡುವಿನ ಮರುದಿನ ಎದೆ ಬಿಗಿಯುವುದು ಅದರ ಮೊದಲ ಲಕ್ಷಣ. ಧೂಳು ಕುಡಿದವರ ಸರಾಸರಿಯನ್ನೇ ಮಾನವಾಗಿಟ್ಟರೆ ರೋಗವೇ ಪ್ರಕೃತಿಯೆನಿಸುವುದು. ಜಮಖಂಡಿ, ಮುಧೋಳ, ಬೀಳಗಿಗಳಲ್ಲಿ ಕಟ್ಟಿಗೆಯ ಒಲೆಯ ಮುಂದೆ ವರ್ಷಗಟ್ಟಲೆ ಕುಳಿತ ಗೃಹಿಣಿಯರಿಗೂ ಇದೇ ನ್ಯಾಯವು ಸಲ್ಲುವುದು. ಮಾನಕ್ಕೆ ಆಯುವವರು ಆ ಸೀಮೆಯವರಾಗಿರಲಿ, ಆದರೆ ಹೊಗೆ-ಧೂಳುಗಳಿಂದ ದೂರವಿದ್ದವರಾಗಿರಲಿ.

ಸಹಜವೆಂದರೆ ಜನ್ಮದೊಡನೆ ಬಂದದ್ದು. ಮಗ್ಗದ ಧೂಳು ಹಾಗೆ ಬಂದದ್ದಲ್ಲ. ಆ ಪದವನ್ನು ಬಿಟ್ಟು ‘ಸ್ವಸ್ಥಮಾನ’ವೆಂದು ಬರೆಯುವುದು ಯುಕ್ತ. ಅದನ್ನು ಯಾವ ವರ್ಷ, ಯಾವ ಊರಿನ, ಎಂತಹವರಿಂದ ಅಳೆದು ಕಟ್ಟಿದರೆಂಬುದನ್ನೂ ಪರೀಕ್ಷಾಪತ್ರದಲ್ಲಿಯೇ ಅಚ್ಚುಹಾಕಬೇಕು.