ಸ್ವಭಾವದ ಅಚ್ಚುಗಳು ಮತ್ತು ಸ್ನೇಹ

ಸಮಾನಸ್ವಭಾವದವರಲ್ಲಿ ಸ್ನೇಹ ಬೆಳೆಯುವುದೆಂಬ ನಂಬಿಕೆ ಬಹಳ ಹಳೆಯದು. ಆ ನಂಬಿಕೆಯನ್ನು ಗಣಕಯಂತ್ರದ ವಶಕ್ಕೊಪ್ಪಿಸಿರುವ ಸಾಮಾಜಿಕ ಜಾಲತಾಣಗಳು ಈಗ ಬಳಕೆಗೆ ಬಂದಿವೆ. ‘ಬೂ’ ಎಂಬುದು ಅಂಥದೊಂದು. ಅದನ್ನು ಸೇರುವವರು ತಮ್ಮ ಸ್ವಭಾವದ ವರ್ಗವನ್ನೂ ನಮೂದಿಸುತ್ತಾರೆ. 16 ವರ್ಗಗಳಲ್ಲಿ ಯಾವುದಕ್ಕೆ ಯಾವುದು ಹೊಂದುವುದೆಂಬ ಲೆಕ್ಕದ ಮೇಲೆ ಅಪರಿಚಿತರಿಗೆ ಪರಸ್ಪರ ಪರಿಚಯವಾಗುತ್ತದೆ. ಈ ಏರ್ಪಾಡು ಸ್ನೇಹಕ್ಕೆ ಎಷ್ಟರಮಟ್ಟಿಗೆ ಆಧಾರವಾಗಬಲ್ಲದೆಂಬುದು ವಿಚಾರಾರ್ಹವಾಗಿದೆ.

ಈ ವರ್ಗೀಕರಣದ ಮೂಲವು ಕಾರ್ಲ್ ಯೂಂಗನು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿದೆ. ಅಂತರ್ಮುಖತೆ, ಬಹಿರ್ಮುಖತೆಗಳೆಂಬ ಎರಡು ಒಲವುಗಳನ್ನೂ ಚಿಂತನೆ, ಭಾವ, ಇಂದ್ರಿಯಸಂವೇದನೆ, ಅಂತಃಸ್ಫುರಣೆಗಳೆಂಬ ನಾಲ್ಕು ಮನೋವ್ಯಾಪಾರಗಳನ್ನೂ ಆತನು ಗುರುತಿಸಿದನು. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಬೆಲ್ ಮಾಯರ್ಸ್ ಇದಕ್ಕೆ ಇನ್ನೊಂದು ಜೋಡಿಯನ್ನು ಸೇರಿಸಿ, ಪ್ರಶ್ನಾವಳಿಯ ಮೂಲಕ 16 ವರ್ಗಗಳನ್ನು ಸಿದ್ಧಪಡಿಸಿದರು. ಒಲವು ಎಂಬುದು ಹೆಚ್ಚುಕಡಿಮೆಯ ಮಾತು. ವರ್ಗವಾದರೋ ಇತ್ತ ಇಲ್ಲವೆ ಅತ್ತ ಎನ್ನುತ್ತದೆ. ಬಹುಜನರು ನಿಲ್ಲುವುದು ಇವೆರಡರ ನಡುವೆ. ಕೆಲವೇ ವಾರಗಳ ಅನಂತರ ಅವೇ ಪ್ರಶ್ನೆಗಳಿಗೆ ಮತ್ತೆ ಉತ್ತರಿಸಿದವರಲ್ಲಿ ಅನೇಕರು ಬೇರೆ ವರ್ಗಕ್ಕೆ ಸೇರಿದುದು ಕಂಡುಬಂದಿರುವುದರಲ್ಲಿ ಆಶ್ಚರ್ಯವಿಲ್ಲ.

ಹಾಗಿದ್ದರೂ ವರ್ಗದ ವರ್ಣನೆಯನ್ನು ಓದಿದವನಿಗೆ ‘ಇದು ನಾನೇ’ ಎನಿಸುವುದೇಕೆ? ಬರ್ಟ್ರಮ್ ಫೋರರ್ 1949ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರವೀಯುತ್ತದೆ. ಆತನು ವಿದ್ಯಾರ್ಥಿಗಳಿಗೆಲ್ಲ ಒಂದೇ ವರ್ಣನೆಯನ್ನು, ಅವರವರದೇ ಎಂದು ಹೇಳಿ, ಹಂಚಿದನು. ಅದರ ವಾಕ್ಯಗಳನ್ನು ಆಯ್ದುಕೊಂಡದ್ದು ಜ್ಯೋತಿಷದ ಪುಸ್ತಕದಿಂದ. ಅದರ ನಿಜಾಂಶಕ್ಕೆ ವಿದ್ಯಾರ್ಥಿಗಳು ಸರಾಸರಿ ಐದಕ್ಕೆ ನಾಲ್ಕಕ್ಕಿಂತ ಹೆಚ್ಚು ಅಂಕ ಕೊಟ್ಟರು. ಜಾತಕದ 36 ಗುಣಗಳ ಲೆಕ್ಕಕ್ಕೆ ನಗುವ ವಿದ್ಯಾವಂತರು ಈ ಹೊಸ ಲೆಕ್ಕವನ್ನು ನಂಬುವಾಗ ಇದನ್ನು ನೆನೆಯುವುದು ಲೇಸು.

ಪ್ರಶ್ನೋತ್ತರಗಳನ್ನು ತಾಳೆ ನೋಡಿ ಹೊಂದಾಣಿಕೆಯ ಪ್ರಮಾಣವನ್ನು ತಿಳಿಸುವ ‘ಓಕೆಕ್ಯುಪಿಡ್’ ಸಂಸ್ಥೆ 2014ರಲ್ಲಿ ತಾನೇ ಒಂದು ಸಂಗತಿಯನ್ನು ಹೊರಗೆಡಹಿತು. ಶೇಕಡಾ 30 ಹೊಂದಾಣಿಕೆಯಿದ್ದ ಕೆಲವರಿಗೆ ಅದು 90 ಎಂದು ಹೇಳಿತ್ತು. ಅವರ ನಡುವಣ ಸಂಭಾಷಣೆ ನಿಜವಾದ ಅಂಕಿಯನ್ನು ಕಂಡವರದಕ್ಕಿಂತ ಚೆನ್ನಾಗಿ ಮುಂದುವರಿಯಿತು. ಅಂಕಿಯ ಮೇಲಣ ವಿಶ್ವಾಸವೇ ಒಂದಿಷ್ಟು ಸ್ನೇಹವನ್ನು ಹುಟ್ಟಿಸಿತೆಂದಾಯಿತು.

ಈ ಜಾಲಗಳಿಂದ ಉಪಯೋಗವೇ ಇಲ್ಲವೆಂದಲ್ಲ. ಸಂಕೋಚಸ್ವಭಾವದವನಿಗೆ ಮೊದಲ ಮಾತಿಗೊಂದು ನೆಪ ಬೇಕು. ವರ್ಗದ ಹೆಸರು ಅದನ್ನು ಒದಗಿಸಬಲ್ಲದು. ಮೊದಲ ಮಾತಿಗಿಂತ ಮುಂಚೆಯೇ ‘ಇವನು ನನಗೆ ಹೊಂದುವವನಲ್ಲ’ ಎಂದು ಬಾಗಿಲು ಮುಚ್ಚುವುದಕ್ಕೂ ಅದೇ ಹೆಸರು ಸಾಕಾಗುವುದು ಇದರ ದೋಷ.

ವರ್ಗೀಕರಣದ ಇತಿಮಿತಿ ಕಾವ್ಯಾಭ್ಯಾಸಿಗಳಿಗೆ ಅಪರಿಚಿತವಲ್ಲ. ಆಲಂಕಾರಿಕರು ನಾಯಕನನ್ನು ಧೀರೋದಾತ್ತ, ಧೀರೋದ್ಧತ, ಧೀರಲಲಿತ, ಧೀರಶಾಂತನೆಂದು ವಿಂಗಡಿಸಿದರು. ವಿಂಗಡಣೆ ಪಾಠಕ್ಕೆ ಅನುಕೂಲ. ಆದರೆ ಪಂಪನ ಕರ್ಣನನ್ನು ಇವುಗಳಲ್ಲೊಂದರಲ್ಲಿ ಕೂರಿಸಿದರೆ ಅವನ ಅಭಿಮಾನ, ಋಣಪ್ರಜ್ಞೆ, ಒಳಗಿನ ನೋವು ಹೊರಗೇ ಉಳಿಯುತ್ತವೆ. ಕಾವ್ಯವನ್ನು ಓದುತ್ತ ಓದುತ್ತಲೇ ಅವನ ಪರಿಚಯವಾಗಬೇಕು.

ಪರಸ್ಥಳದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ಮಾತು ಇನ್ನೂ ಹತ್ತಿರದ್ದು. ಅವರ ಸಂಘಗಳು ಜನರನ್ನು ಕೂಡಿಸಿದ್ದು ಭಾಷೆಯಿಂದ. ಸ್ವಭಾವವನ್ನು ಯಾರೂ ಕೇಳಲಿಲ್ಲ. ವಾಚಾಳಿಯೂ ಮೌನಿಯೂ, ಲೆಕ್ಕಿಗನೂ ಕವಿಯೂ ಒಂದೇ ಜಮಖಾನೆಯ ಮೇಲೆ ಕುಳಿತರು, ಜಗಳವಾಡಿದರು, ಮುಂದಿನ ಸಭೆಗೆ ಮತ್ತೆ ಬಂದರು. ತನಗೆ ಒಗ್ಗದವನೊಡನೆ ಬಾಳುವ ಈ ಅಭ್ಯಾಸವನ್ನು ಯಾವ ಪ್ರಶ್ನಾವಳಿಯೂ ಕಲಿಸಲಾರದು. ಹೊಸ ಜಾಲಗಳನ್ನು ಬಳಸುವ ತರುಣರು ಇದನ್ನು ಕೈಬಿಡದಿದ್ದರೆ ಅವುಗಳಿಂದ ಹಾನಿಯಿಲ್ಲ.