ವಚನದ ಓದು ಸುಲಭವೇ?

ಪಂಪನ ಕಾವ್ಯವನ್ನು ಕೈಗೆತ್ತಿಕೊಂಡ ಓದುಗನು ನಿಘಂಟನ್ನು ಪಕ್ಕದಲ್ಲಿಟ್ಟುಕೊಳ್ಳುತ್ತಾನೆ. ವಚನವನ್ನು ಓದುವಾಗ ಅದರ ಅಗತ್ಯವೇ ಇಲ್ಲವೆಂದು ಭಾವಿಸುತ್ತಾನೆ. ತೊಡಕಿನ ಮೂಲವಿರುವುದು ಈ ಭಾವನೆಯಲ್ಲಿಯೇ. ಹಳಗನ್ನಡದ ಕಠಿನಪದವು ತಾನು ಕಠಿನವೆಂದು ಮೊದಲೇ ಸಾರಿಬಿಡುತ್ತದೆ. ಓದುಗನು ನಿಲ್ಲುತ್ತಾನೆ, ವಿಚಾರಿಸುತ್ತಾನೆ. ವಚನದ ಪದವಾದರೋ ನಮ್ಮ ಮನೆಮಾತಿನ ಉಡುಪನ್ನೇ ತೊಟ್ಟು ಬರುತ್ತದೆ. ಪರಿಚಿತರನ್ನು ಯಾರು ತಾನೇ ಬಾಗಿಲಲ್ಲಿ ತಡೆದು ಪ್ರಶ್ನಿಸುತ್ತಾರೆ?

‘ದಾಸೋಹ’ವನ್ನೇ ತೆಗೆದುಕೊಳ್ಳಿ. ಇಂದು ಆ ಮಾತು ಕಿವಿಗೆ ಬಿದ್ದೊಡನೆ ಪಂಕ್ತಿ, ಎಲೆ, ಅನ್ನ-ಸಾರು ಕಣ್ಮುಂದೆ ನಿಲ್ಲುತ್ತವೆ. ಆದರೆ ‘ನಾನು ದಾಸನು’ ಎಂಬ ಭಾವವು ಅದರ ಬುಡದಲ್ಲಿದೆ. ಬಡಿಸುವವನು ಅಲ್ಲಿ ದಾನಿಯಲ್ಲ, ಸೇವಕ. ದಾಸೋಹವೆಂದರೆ ಊಟವೆಂದಷ್ಟೇ ತಿಳಿದವನಿಗೆ, ‘ಕೊಟ್ಟೆನೆಂಬ’ ಅಹಂಕಾರವನ್ನು ಶರಣರು ಅಷ್ಟು ಕಟುವಾಗಿ ಏಕೆ ಖಂಡಿಸಿದರೆಂಬುದು ಹೊಳೆಯದು. ‘ಕಾಯಕ’ವು ಹೀಗೆಯೇ ಸವೆದು ಬರಿಯ ಉದ್ಯೋಗವಾಗಿದೆ, ಅದರೊಳಗಿನ ‘ಕಾಯ’ವನ್ನು ನಾವು ಮರೆತಿದ್ದೇವೆ. ಅಲ್ಲಮನ ‘ಬಯಲು’ ಊರಾಚೆಯ ಮೈದಾನವಲ್ಲ. ‘ಬೆಡಗು’ ಎಂದರೆ ಲೋಕದ ಮಾತಿನಲ್ಲಿ ಸೊಗಸು, ಒಯ್ಯಾರ. ಬೆಡಗಿನ ವಚನದಲ್ಲಿ ಅದು ಅರ್ಥವನ್ನು ಒಗಟಿನಂತೆ ಮರೆಸಿಡುವ ರೀತಿ. ಕಿಟೆಲರ 1894ರ ನಿಘಂಟು ಮತ್ತು ಪದಗಳಿಗೆ ಪ್ರಯೋಗಗಳನ್ನೂ ಕೊಡುವ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಇಲ್ಲಿ ನೆರವಾಗುತ್ತವೆ. ಅದಕ್ಕಿಂತಲೂ ಮೇಲಾದ ದಾರಿಯೆಂದರೆ, ಒಬ್ಬನೇ ವಚನಕಾರನ ಹತ್ತು ವಚನಗಳಲ್ಲಿ ಒಂದೇ ಪದವನ್ನು ಬೆನ್ನಟ್ಟಿ ಹೋಗುವುದು.

ಪದವಾಯಿತು; ಇನ್ನು ವಾಕ್ಯ. ತಾಳೆಗರಿಯ ಪ್ರತಿಗಳಲ್ಲಿ ಪದಪದಗಳ ನಡುವೆ ತೆರಪಿರಲಿಲ್ಲ. ಇಂದು ಕವಿತೆಯಂತೆ ಮುರಿದು ಅಚ್ಚುಮಾಡಿದ ಸಾಲುಗಳು ಸಂಪಾದಕರ ವಿವೇಚನೆಯ ಫಲ. ಆದುದರಿಂದ ಅಚ್ಚಿನ ಸಾಲನ್ನು ನೆಚ್ಚದೆ, ಒಮ್ಮೆ ಗಟ್ಟಿಯಾಗಿ ಓದಿ ನೋಡಿರಿ. ಉಸಿರು ಎಲ್ಲಿ ನಿಲ್ಲುತ್ತದೆ, ಪ್ರಶ್ನೆ ಎಲ್ಲಿ ಏಳುತ್ತದೆ ಎಂಬುದನ್ನು ಕಣ್ಣಿಗಿಂತ ಮೊದಲು ಕಿವಿ ಗುರುತಿಸುತ್ತದೆ.

ಕೊನೆಯ ಅಂಕಿತವನ್ನು ನಾವು ರುಜುವೆಂದು ಬಗೆದು ದಾಟಿಬಿಡುತ್ತೇವೆ. ‘ಕೂಡಲಸಂಗಮದೇವಾ’ ಎಂಬುದು ಅನೇಕ ಕಡೆ ಸಂಬೋಧನೆ. ಮಾತೆಲ್ಲವೂ ಆ ಕಡೆಗೆ ಮುಖಮಾಡಿದೆ. ಅದನ್ನು ಬಿಟ್ಟು ಓದಿದರೆ ಮೊರೆಯು ಉಪದೇಶವಾಗುತ್ತದೆ, ತನ್ನನ್ನೇ ಹಳಿದುಕೊಂಡವನ ನೋವು ಪರರನ್ನು ತಿದ್ದುವ ಬೆತ್ತವಾಗುತ್ತದೆ. ಒಂದೇ ಸಾಲನ್ನು ಕಿತ್ತು ಗೋಡೆಗೆ ಬರೆಯುವ ನಮ್ಮ ಅಭ್ಯಾಸವು ಮಾಡಿರುವ ಹಾನಿ ಇಂಥದು. (ಸದುದ್ದೇಶದಿಂದಲೇ ಬರೆಯುತ್ತಾರೆ, ಇರಲಿ.)

ಸಂದರ್ಭದ ವಿಷಯದಲ್ಲಿಯೂ ಎಚ್ಚರ ಬೇಕು. ‘ಶೂನ್ಯಸಂಪಾದನೆ’ಯಲ್ಲಿ ವಚನಗಳು ಶರಣರ ಸಂವಾದಗಳಾಗಿ ಹೆಣೆದುಕೊಂಡಿವೆ. ಆ ಹೆಣಿಗೆ ಅದ್ಭುತವಾದುದು. ಆದರೆ ಅದು ಹನ್ನೆರಡನೆಯ ಶತಮಾನದ್ದಲ್ಲ, ಹದಿನೈದನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲ್ಗೊಂಡ ಸಂಕಲನಕಾರರದು. ಅಕ್ಕಮಹಾದೇವಿಯ ಒಂದು ವಚನವು ಅಲ್ಲಿ ಅಲ್ಲಮನ ಪ್ರಶ್ನೆಗೆ ಉತ್ತರವಾಗಿ ನಿಂತಿದ್ದರೆ, ಅದೇ ವಚನವನ್ನು ಬಿಡಿಯಾಗಿಯೂ ಓದಿರಿ. ಎರಡು ಓದುಗಳಲ್ಲಿ ದನಿ ಎಲ್ಲಿ ಬೇರೆಯಾಯಿತೆಂದು ಹೋಲಿಸಿರಿ. 1993ರಲ್ಲಿ ಕರ್ನಾಟಕ ಸರಕಾರವು ಹೊರತಂದ ಸಮಗ್ರ ವಚನ ಸಂಪುಟಗಳು ಈ ಕೆಲಸಕ್ಕೆ ಒದಗುತ್ತವೆ. ಭಾವಾರ್ಥದ ಪುಸ್ತಕವನ್ನು ತೆರೆಯುವುದಾದರೆ ಇದಾದ ಮೇಲೆ ತೆರೆಯಿರಿ.