ಕೋವಿಯ ಮರ: ಬೇಡರ ವೀರಸಾಹಿತ್ಯದಲ್ಲಿಯ ಒಂದು ಕೊರತೆ

ಕೃಷ್ಣಾ ಭೀಮಾ ನದಿಗಳ ನಡುವಣ ಬೇಡರ ನಾಡನ್ನು ಕುರಿತು ಹುಟ್ಟಿದ ಸಾಹಿತ್ಯದಲ್ಲಿ ಬಂದೂಕಿನ ಸದ್ದು ಕೇಳಿಸದ ಪುಟ ವಿರಳ. ಗುರಿಯ ಕೌಶಲ್ಯ, ಹಾರಿದ ಗುಂಡು, ಬಿದ್ದ ವೈರಿ ಇವುಗಳ ವರ್ಣನೆಗೆ ಅಲ್ಲಿ ಕೊರತೆಯಿಲ್ಲ. ಆದರೆ ಆ ಬಂದೂಕಿನ ಅರ್ಧ ಶರೀರವು ಮರದ್ದೆಂಬದನ್ನೂ, ಆ ಮರವನ್ನು ಯಾವನೋ ಒಬ್ಬ ಬಡಗಿಯು ಕಡಿದು ಕೆತ್ತಿ ಒರೆದು ಹದಗೊಳಿಸಿದನೆಂಬದನ್ನೂ ಈ ಸಾಹಿತ್ಯವು ಮರೆತಂತೆ ತೋರುತ್ತದೆ. ಮರೆತದ್ದು ಸಣ್ಣ ಸಂಗತಿಯೆಂದು ಕೆಲವರು ಹೇಳಬಹುದು. ಒಂದು ಜನಾಂಗವನ್ನು ಹೊಡೆದಾಡುವವರೆಂದು ಮಾತ್ರ ಬಣ್ಣಿಸಿ, ಮಾಡಬಲ್ಲವರೆಂದು ಬಣ್ಣಿಸದೆ ಬಿಟ್ಟರೆ ಆ ಚಿತ್ರವು ಅರ್ಧಚಿತ್ರವಾಗುವದೆಂಬದನ್ನು ಮಾತ್ರ ವಾಚಕರು ಆಲೋಚಿಸತಕ್ಕದ್ದು.

ಸುರಪುರದ ನಾಯಕರ ಖ್ಯಾತಿಯು ಬಂದೂಕಿನೊಡನೆ ಬೆಳೆದು ಬಂದದ್ದು. 1705ರಲ್ಲಿ ಔರಂಗಜೇಬನು ತನ್ನ ಇಳಿವಯಸ್ಸಿನಲ್ಲಿ ತಾನೇ ನಿಂತು ನಡೆಯಿಸಿದ ಕೊನೆಯ ದೊಡ್ಡ ಮುತ್ತಿಗೆಯು ವಾಗಿನಗೇರಿಯದು. ಸಾಮ್ರಾಜ್ಯದ ಸೈನ್ಯವನ್ನು ಆ ಪುಟ್ಟ ಗಿರಿದುರ್ಗದ ಮುಂದೆ ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದು ಬೇಡರ ಗುರಿಕಾರಿಕೆ. ಯಾದಗಿರಿ, ಶಹಾಪುರ, ಸುರಪುರಗಳ ಬೋಳು ಬಂಡೆಗಳ ಗುಡ್ಡಗಳನ್ನು ಕಂಡವರಿಗೆ ಇದರ ಕಾರಣ ತಾನೇ ತಿಳಿಯುವದು. ಬಂಡೆಯ ಮರೆಯಲ್ಲಿ ಕುಳಿತ ಒಬ್ಬನು ಬಯಲಿನಲ್ಲಿ ಬರುವ ಹತ್ತು ಜನರನ್ನು ತಡೆಯಬಲ್ಲ ನೆಲವದು. ಅಂಥ ನೆಲದಲ್ಲಿ ಕತ್ತಿಗಿಂತ ಕೋವಿಯೇ ಹೆಚ್ಚು ಆಪ್ತವಾದುದರಲ್ಲಿ ಆಶ್ಚರ್ಯವಿಲ್ಲ.

ಈ ಕೋವಿಯ ರಚನೆಯನ್ನು ತುಸು ನೋಡಬೇಕು. ನಮ್ಮ ದೇಶದ ಹಳೆಯ ಜಾಮಗಿ ಬಂದೂಕಿನಲ್ಲಿ ಉದ್ದನೆಯ ಕಬ್ಬಿಣದ ನಳಿಗೆಯನ್ನು ಮರದ ಕಾಲುವೆಯಲ್ಲಿ ಕೂಡ್ರಿಸಿ, ಹಸಿಯ ತೊಗಲಿನ ಪಟ್ಟಿಯಿಂದಲೋ ತಂತಿಯಿಂದಲೋ ಬಿಗಿಯುತ್ತಿದ್ದರು. ಹಿಂಭಾಗದ ಮರದ ಅಂಗಕ್ಕೆ ಕುಂದವೆಂದು ಹೆಸರು. ನಳಿಗೆಯು ತಲೆಮಾರುಗಳ ಕಾಲ ಬಾಳಬಹುದು, ಕೈಯಿಂದ ಕೈಗೆ ಹೋಗಬಹುದು, ದೂರದ ಸಂತೆಯಿಂದ ಬರಬಹುದು. ಮರವಾದರೋ ಬಿದ್ದರೆ ಸೀಳುವದು, ಬಿಸಿಲಿಗೆ ಬಿರಿಯುವದು, ಮಳೆಗೆ ಉಬ್ಬುವದು. ಆದುದರಿಂದ ಒಂದೇ ನಳಿಗೆಯ ಆಯುಷ್ಯದಲ್ಲಿ ಹಲವು ಕುಂದಗಳು ಬೇಕಾಗುವವು. ಅವು ಊರ ಬಡಗಿಯ ಕೊಟ್ಟಿಗೆಯಲ್ಲಿಯೇ ಹುಟ್ಟಬೇಕು.

ಪಾಶ್ಚಾತ್ಯ ದೇಶಗಳಲ್ಲಿ ಈ ಕೆಲಸಕ್ಕೆ ಅಕ್ರೋಟಿನ ಮರವನ್ನು ಆರಿಸುವರು. ಅದರ ತೂಕ ಘನ ಮೀಟರಿಗೆ ಸುಮಾರು 640 ಕಿಲೋಗ್ರಾಂ. ಉಳಿಗೆ ಮಣಿಯುವದು, ಬೇಗನೆ ಸೊಟ್ಟಗಾಗದು. ದಖ್ಖನದ ಒಣನಾಡಿನಲ್ಲಿ ದೊರೆಯುವ ಗಟ್ಟಿಮರಗಳ ಸ್ವಭಾವವೇ ಬೇರೆ. ಜಾಲಿಯು ನೇಗಿಲಿಗೂ ಬಂಡಿಯ ಗಾಲಿಗೂ ಒದಗುವ ಮರ. ಕಮರದ ಕೆಚ್ಚಾದರೋ ಘನ ಮೀಟರಿಗೆ 1000 ಕಿಲೋಗ್ರಾಮಿಗೂ ಮಿಕ್ಕು ತೂಗುವದು. ಒಣಗಿದ ಮೇಲೆಯೂ ನೀರಿನಲ್ಲಿ ಮುಳುಗುವದು. ಇಂಥ ಮರದಲ್ಲಿ ಕುಂದವನ್ನು ಕೆತ್ತಲು ಹೊರಟವನಿಗೆ ಅವಸರವು ಶತ್ರು. ಮೊದಲು ದಿಮ್ಮಿಯನ್ನು ನೆರಳಿನಲ್ಲಿಟ್ಟು ಅದರ ತುದಿಗಳಿಗೆ ಮೇಣವನ್ನೋ ಸಗಣಿಯನ್ನೋ ಮೆತ್ತಿ ವರ್ಷಗಟ್ಟಲೆ ಒಣಗಿಸಬೇಕು. ಇಲ್ಲವಾದರೆ ತುದಿಯಿಂದ ಬಿರುಕು ಒಳಗೆ ಓಡುವದು. ಬಳಿಕ ಎಳೆಯ ದಿಕ್ಕನ್ನು ನೋಡಬೇಕು. ಮುಷ್ಟಿ ಹಿಡಿಯುವ ಸಣ್ಣ ನಡುವಿನಲ್ಲಿ ಎಳೆಯು ಅಡ್ಡ ಹಾಯ್ದರೆ ಮರವೆಷ್ಟು ಗಟ್ಟಿಯಿದ್ದರೂ ಹಿಮ್ಮೊಗದ ಪೆಟ್ಟಿಗೆ ಅಲ್ಲಿಯೇ ಮುರಿಯುವದು. ಗಡಸುತನವೊಂದೇ ಬಲವಲ್ಲವೆಂಬ ಪಾಠವನ್ನು ಬಡಗಿಯು ಇಲ್ಲಿ ಕಲಿಯುವನು.

ನಳಿಗೆಯನ್ನು ಕೂಡ್ರಿಸುವ ಕೆಲಸ ಇನ್ನೂ ಸೂಕ್ಷ್ಮ. ಕಬ್ಬಿಣಕ್ಕೆ ಕಾಡಿಗೆಯನ್ನು ಸವರಿ ಮರದಲ್ಲಿಟ್ಟು ತೆಗೆದರೆ ತಾಗಿದ ಜಾಗದಲ್ಲೆಲ್ಲ ಕಪ್ಪು ಗುರುತು ಮೂಡುವದು. ಆ ಗುರುತಿನಷ್ಟನ್ನು ಮಾತ್ರ ಉಳಿಯಿಂದ ಹೆರೆದು ಮತ್ತೆ ಇಟ್ಟು ನೋಡಬೇಕು. ಹೀಗೆ ನೂರು ಸಲ ಮಾಡಿದಾಗ ಕಬ್ಬಿಣವೂ ಮರವೂ ಎಲ್ಲ ಕಡೆಗೂ ಸಮವಾಗಿ ಕೂಡುವವು. ಒಂದೇ ಕಡೆಗೆ ಭಾರ ಬಿದ್ದರೆ ಅಲ್ಲಿಂದಲೇ ಸೀಳು ಹುಟ್ಟುವದು. ಕಡೆಗೆ ಅರ, ಗಾಜಿನ ಚೂರು ಇವುಗಳಿಂದ ಒರೆದು, ಒದ್ದೆಯ ಬಟ್ಟೆಯಿಂದ ಎಳೆಗಳನ್ನೆಬ್ಬಿಸಿ ಮತ್ತೆ ಒರೆದು, ಅಗಸೆಯ ಎಣ್ಣೆಯನ್ನು ಅಂಗೈಯಿಂದ ದಿನ ದಿನಕ್ಕೆ ತಿಕ್ಕಬೇಕು. ಗಟ್ಟಿಮರವು ಎಣ್ಣೆಯನ್ನು ಬಹಳ ಮೆಲ್ಲಗೆ ಕುಡಿಯುವದು.

ಇಷ್ಟೊಂದು ವಿವೇಕವನ್ನು ಬೇಡುವ ವಸ್ತುವು ಸಾಹಿತ್ಯದಲ್ಲಿ ಏಕೆ ಕಾಣಬಾರದು? ಸುರಪುರವನ್ನು ಹೊರಗಿನ ಲೋಕಕ್ಕೆ ಪರಿಚಯಿಸಿದ ಗ್ರಂಥಗಳಲ್ಲಿ ಮೆಡೋಸ್ ಟೇಲರನ ಆತ್ಮಕಥೆಗೆ ಮೊದಲ ಸ್ಥಾನ. ನಿಜಾಮನ ಸೇವೆಯಲ್ಲಿದ್ದ ಆತನು 1841ರಿಂದ 1853ರ ವರೆಗೆ ಸುರಪುರದ ಆಡಳಿತವನ್ನು ನೋಡಿಕೊಂಡನು. ಗ್ರಂಥವು ಆತನು ತೀರಿಕೊಂಡ ಮರುವರ್ಷ, 1877ರಲ್ಲಿ, ಪ್ರಕಟವಾಯಿತು. ಆತನ ಬರವಣಿಗೆಯ ಗುಣಗಳು ಅಲ್ಪವಲ್ಲ. ರಾಣಿ ಈಶ್ವರಮ್ಮನ ದರ್ಪ, ಬಾಲಕ ವೆಂಕಟಪ್ಪ ನಾಯಕನ ಮುಗ್ಧತೆ, ಕೆರೆಗಳ ಕೆಲಸ, ಸುತ್ತಣ ಪ್ರಾಚೀನ ಕಲ್ಗೋರಿಗಳ ಶೋಧ ಇವನ್ನು ಆತನು ಸ್ಪಷ್ಟವಾಗಿ ಚಿತ್ರಿಸಿದ್ದಾನೆ. ಆದರೆ ಆತನ ದೃಷ್ಟಿಯು ಅಧಿಕಾರಿಯ ಪೀಠದಿಂದ ಹೊರಟದ್ದು. ಬೇಡನ ಕೈಯಲ್ಲಿಯ ಕೋವಿಯು ಆತನಿಗೆ ವಿಧೇಯತೆಯ ಇಲ್ಲವೆ ಬಂಡಾಯದ ಲಕ್ಷಣ, ಕೆಲಸಗಾರಿಕೆಯ ಫಲವಲ್ಲ. ಕಲ್ಗೋರಿಯ ಚಪ್ಪಡಿಗಳನ್ನು ಅಳೆದು ಬರೆದ ಅದೇ ಕುತೂಹಲವು ಜೀವಂತ ಬಡಗಿಯ ಅಂಗಳದ ಕಡೆಗೆ ತಿರುಗಿದ್ದರೆ ಗ್ರಂಥದ ಬೆಲೆಯು ಇಮ್ಮಡಿಯಾಗುತ್ತಿತ್ತು.

ಆತ್ಮಕಥೆಯ ಅತ್ಯಂತ ಮನಕರಗಿಸುವ ಭಾಗವೂ ಬಂದೂಕಿನ ಸದ್ದಿನಿಂದಲೇ ಮುಗಿಯುವದು. 1858ರ ಫೆಬ್ರುವರಿಯ ಹೋರಾಟದಲ್ಲಿ ಸೋತು ಸೆರೆಯಾದ ವೆಂಕಟಪ್ಪ ನಾಯಕನ ಮರಣದಂಡನೆಯು ಕಡಿಮೆಯಾಗಿ, ಆತನನ್ನು ಚೆಂಗಲ್ಪಟ್ಟಿಗೆ ಕರೆದೊಯ್ಯುತ್ತಿರುವಾಗ ಕಾವಲಿನ ಅಧಿಕಾರಿಯ ರಿವಾಲ್ವರಿನ ಗುಂಡಿನಿಂದ ಆತನ ಪ್ರಾಣ ಹೋಯಿತು. ತಾನೇ ಹೊಡೆದುಕೊಂಡನೆಂದು ಟೇಲರನ ಕಥನ. ಕೋವಿಯ ನಾಡಿನ ಅರಸು ಪರರ ಕಾರ್ಖಾನೆಯ ಆಯುಧದಿಂದ ತೀರಿಕೊಂಡ ಈ ಪ್ರಸಂಗವನ್ನು ಟೇಲರನು ತಂದೆಯ ಶೋಕದಿಂದ ಹೇಳಿದ್ದಾನೆ. ಅದರೊಳಗಿನ ಈ ವಿಪರ್ಯಾಸವನ್ನು ಮಾತ್ರ ಎತ್ತಿ ಹೇಳಿದಂತೆ ಕಾಣುವದಿಲ್ಲ.

ಇನ್ನು ಜನಪದರ ಕಡೆಗೆ ಬರೋಣವಾಗಲಿ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕುಂಪಣಿಯ ಆಜ್ಞೆಯನ್ನು ಧಿಕ್ಕರಿಸಿ ನಿಂತ ಹಲಗಲಿಯ ಬೇಡರ ಲಾವಣಿಯು ಕನ್ನಡದ ವೀರಗೀತಗಳಲ್ಲಿ ಶ್ರೇಷ್ಠವಾದುದು. ಜೆ. ಎಫ್. ಫ್ಲೀಟನು ಇಂಥ ಲಾವಣಿಗಳನ್ನು ಸಂಗ್ರಹಿಸಿ 1880ರ ದಶಕದಲ್ಲಿ ಅಚ್ಚು ಹಾಕಿಸಿ ಉಪಕಾರ ಮಾಡಿದನು. ಆಯುಧ ಹೋದರೆ ಪ್ರಾಣವೇ ಹೋದಂತೆಂಬ ಭಾವವೇ ಈ ಲಾವಣಿಯ ಉಸಿರು. ಊರನ್ನು ಲೂಟಿ ಮಾಡಿದ ಪ್ರಸಂಗದಲ್ಲಿ ಲಾವಣಿಕಾರನು ಕೊಡಲಿ, ಮೊಸರು, ಉಪ್ಪು, ಅರಿಷಿಣ, ಬೀಸುವ ಕಲ್ಲುಗಳನ್ನು ಸಹ ಒಂದೊಂದಾಗಿ ಎಣಿಸುವನು. ಬಡವರ ಮನೆಯ ಸಾಮಾನುಗಳನ್ನು ಇಷ್ಟು ಅಕ್ಕರೆಯಿಂದ ನೆನೆದ ಕವಿಯು ಟೇಲರನಿಗಿಂತ ದೊಡ್ಡ ಕಣ್ಣುಳ್ಳವನೆಂಬದರಲ್ಲಿ ಸಂಶಯವಿಲ್ಲ. ಆದರೂ ಯಾವ ವಸ್ತುವಿಗಾಗಿ ಊರೇ ಉರಿಯಿತೋ ಆ ಬಂದೂಕಿನ ಮೈಕಟ್ಟಿನತ್ತ ಆತನ ದೃಷ್ಟಿಯು ಹೊರಳುವದಿಲ್ಲ. ಆಯುಧವನ್ನು ಕೊಡಲಾರೆವೆಂಬ ಹಟಕ್ಕೆ ಮಾನವೊಂದೇ ಕಾರಣವೆಂದು ಕೇಳುವವನು ತಿಳಿಯುವನು. ಅದರ ಹಿಂದಿನ ಕೈದುಡಿಮೆಯು ತಿಳಿದಿದ್ದರೆ ಆ ಹಟವು ಇನ್ನೂ ಮಾನವೀಯವಾಗಿ ತೋರುತ್ತಿತ್ತು.

ಸಾಹಿತ್ಯವು ಬಡಗಿಯ ಕೈಪಿಡಿಯಲ್ಲವೆಂದು ಇದಕ್ಕೆ ಆಕ್ಷೇಪ ಬರಬಹುದು. ಉತ್ತರವು ಈ ನೆಲದಲ್ಲಿಯೇ ಇದೆ. ಜೇಡರ ದಾಸಿಮಯ್ಯನ ಹುಟ್ಟೂರೆಂದು ಪ್ರಸಿದ್ಧವಾದ ಮುದನೂರು ಸುರಪುರದ ಸೀಮೆಯದು. ನೇಯ್ಗೆಯ ಕಾಯಕದವನೊಬ್ಬನು ವಚನವಾಙ್ಮಯದ ಆದಿಪುರುಷರಲ್ಲಿ ಎಣಿಕೆಯಾದ ನಾಡಿದು. 12ನೆಯ ಶತಮಾನದ ಶರಣರಲ್ಲಿ ಬಾಚಿಕಾಯಕದ ಬಸವಯ್ಯನು ಬಡಗಿಯ ಬಾಚಿಯನ್ನೇ ತನ್ನ ಹೆಸರಿನಲ್ಲಿ ಧರಿಸಿದನು. ಕಾಯಕದ ನುಡಿಯು ಅನುಭಾವದ ನುಡಿಯಾಗಬಲ್ಲದೆಂದು ಅಂದು ಸಿದ್ಧವಾದ ಮೇಲೆ, ವೀರರಸಕ್ಕೆ ಅದು ಒದಗಲಾರದೆಂದು ಹೇಳುವದು ಸಲ್ಲದು. ಕೊಡಗಿನ ದೃಷ್ಟಾಂತವೂ ಮನನೀಯವಾದುದು. ಅಲ್ಲಿ ಕೈಲ್ ಮುಹೂರ್ತದಂದು ಕೋವಿಯನ್ನು ತೋಕ್ ಹೂವಿನಿಂದ ಅಲಂಕರಿಸಿ ಪೂಜಿಸುವರು. ಮನೆಯ ಜನನ ಮರಣಗಳನ್ನು ಅದರ ಸದ್ದಿನಿಂದ ಸಾರುವ ವಾಡಿಕೆಯುಂಟು. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿ ತಮ್ಮ ನಾಡಿನ ಹಾಡು ಕಟ್ಟಳೆಗಳನ್ನು ಅಳಿಯದಂತೆ ಕಾಯ್ದರು. ಬೇಡರ ನಾಡಿಗೆ ಅಂಥದೊಂದು ಸಂಗ್ರಹದ ಭಾಗ್ಯವು ಸಕಾಲದಲ್ಲಿ ಒದಗಿದ್ದರೆ ಎಷ್ಟೋ ಮಾತುಗಳು ಉಳಿಯುತ್ತಿದ್ದವು.

ಪರವಾನಗಿಯಿಲ್ಲದೆ ಬಂದೂಕು ಮಾಡುವದು 1959ರ ಆಯುಧ ಕಾಯಿದೆಯ ಮೇರೆಗೆ ಅಪರಾಧ. ಅದು ಯುಕ್ತವೂ ಅಹುದು. ಇಲ್ಲಿ ಬೇಕಾಗಿರುವದು ಕೋವಿಗಳಲ್ಲ, ಮಾತುಗಳು. ಮರವನ್ನು ಬಡಿದು ಅದರ ಒಣಗನ್ನು ತಿಳಿಯುವ ಬಗೆ, ಎಳೆಯ ಓಟಕ್ಕೆ ಇಟ್ಟ ಹೆಸರುಗಳು, ಉಳಿಯ ಒಂದೊಂದು ಬಾಯಿಗೂ ಇರುವ ಶಬ್ದಗಳು ಇಂದಿಗೂ ನೇಗಿಲು ಬಂಡಿಗಳನ್ನು ಬಲ್ಲ ಮುಪ್ಪಿನ ಬಡಗಿಗಳ ನಾಲಗೆಯ ಮೇಲಿರಬಹುದು. ಅವು ನಿಘಂಟಿಗೆ ಸೇರಬೇಕು, ಕಥೆಗೆ ಇಳಿಯಬೇಕು. ಮುಂದೆ ಸುರಪುರವನ್ನು ಕುರಿತು ಕಾದಂಬರಿಯನ್ನೋ ನಾಟಕವನ್ನೋ ಬರೆಯುವವರು ಗುಂಡು ಹಾರುವ ಮೊದಲು ಒಂದು ಗಳಿಗೆ ಆ ಕೊಟ್ಟಿಗೆಯಲ್ಲಿ ನಿಂತು ಬಂದರೆ, ಅವರ ವೀರನು ಹೆಚ್ಚು ನಂಬುವಂತಾಗುವನು. ಅವನಿಗೆ ಆಯುಧವನ್ನು ಅಣಿಗೊಳಿಸಿ ಕೊಟ್ಟ ಬಡಗಿಗೂ ಸಲ್ಲತಕ್ಕ ಮನ್ನಣೆಯು ಸಲ್ಲುವದು.